ಮೊಳಕೈಯ ಮೂರು ನರಗಳು

(ಬಾನುಲಿ ಭಾಷಣ)

ಸಂತೆಯಲ್ಲಿ ಹೂವಾಡಗಿತ್ತಿ ಮಲ್ಲಿಗೆಯ ಸರವನ್ನು ಅಳೆದು ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಸರದ ಒಂದು ತುದಿಯನ್ನು ಬೆರಳ ತುದಿಯಲ್ಲಿ ಹಿಡಿದು, ಮತ್ತೊಂದನ್ನು ಮಡಿಸಿದ ತೋಳಿನ ಮೂಲೆಯವರೆಗೆ ತಂದು, ಇದು ಒಂದು ಮೊಳ ಎನ್ನುತ್ತಾಳೆ. ಅವಳಿಗೆ ಬೇರೆ ಅಳತೆಗೋಲು ಬೇಕಿಲ್ಲ. ಮೊಳವನ್ನು ಅಳೆಯಲು ತೊಡಗುವ ಸ್ಥಾನವೇ ಮೊಳಕೈ. ಮೊಣಕೈ ಎಂದು ಬರೆಯುವವರೂ ಉಂಟು. ನನ್ನ ಕಿವಿಗೆ ಮೊಳಕೈ ಎಂಬುದೇ ಹೆಚ್ಚು ಅರ್ಥವತ್ತಾಗಿ ಕೇಳುತ್ತದೆ.

ಇದೇ ಮೊಳಕೈ ಎಂದಾದರೊಮ್ಮೆ ಬಾಗಿಲ ಚೌಕಟ್ಟಿಗೋ ಬಸ್ಸಿನ ಕಿಟಕಿಯ ಅಂಚಿಗೋ ತಾಗಿದಾಗ ಕಿರುಬೆರಳಿನವರೆಗೆ ಮಿಂಚು ಹರಿದಂತಾಗುತ್ತದೆ. ಕೈ ಜುಮ್ಮೆನ್ನುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಎರಡು ನಿಮಿಷ ತೋಳನ್ನು ಉಜ್ಜಿಕೊಂಡು ಅದನ್ನು ಮರೆತುಬಿಡುತ್ತೇವೆ. ಆದರೆ ಆ ಮಿಂಚು ನಮಗೊಂದು ಸಂಗತಿಯನ್ನು ತಿಳಿಸಿ ಹೋಗಿರುತ್ತದೆ. ಕೈಯನ್ನು ಆಳುವ ನರಗಳಲ್ಲೊಂದು ಅಲ್ಲಿ ಚರ್ಮದ ಕೆಳಗೆ, ಎಲುಬಿಗೆ ಒತ್ತಿಕೊಂಡು, ಬಹುಮಟ್ಟಿಗೆ ಬಯಲಲ್ಲೇ ಮಲಗಿದೆ ಎಂಬ ಸಂಗತಿ. ಆಡುಮಾತಿನಲ್ಲಿ ನಾವು ರಕ್ತನಾಳವನ್ನೂ ನರ ಎನ್ನುತ್ತೇವೆ, ಸ್ನಾಯುವಿನ ಕಂಡರವನ್ನೂ ನರ ಎನ್ನುತ್ತೇವೆ. ಇಂದಿನ ಮಾತಿನಲ್ಲಿ ನರವೆಂದರೆ ಮೆದುಳು ಮತ್ತು ಬೆನ್ನುಹುರಿಯ ಅಪ್ಪಣೆಯನ್ನು ಬೆರಳಿಗೆ ಒಯ್ಯುವ, ಬೆರಳಿನ ಸ್ಪರ್ಶವನ್ನು ಮರಳಿ ತರುವ ತಂತು ಮಾತ್ರ.

ಘಟಪ್ರಭೆಯ ಬಯಲಿನ ಮೇಲವಂಕಿಯಂಥ ಊರನ್ನು ಮನಸ್ಸಿಗೆ ತಂದುಕೊಳ್ಳಿ. ಕಬ್ಬು, ಗೋವಿನಜೋಳ ಬೆಳೆಯುವ ಸೀಮೆ. ಕಬ್ಬು ಕಡಿಯುವವನಿಗೆ, ಹೊರೆ ಎತ್ತುವವನಿಗೆ, ಎಮ್ಮೆ ಹಿಂಡುವವಳಿಗೆ, ರೊಟ್ಟಿ ಬಡಿಯುವವಳಿಗೆ ಮೊಳಕೈ ಮಡಚದೆ, ಬಿಚ್ಚದೆ ದಿನ ಸಾಗದು. ಕಡೆಗೆ ತಾಟಿನ ತುತ್ತು ಬಾಯಿಗೆ ಮುಟ್ಟಬೇಕಾದರೂ ಈ ಕೀಲು ಬಾಗಲೇಬೇಕು. ಅಂಥ ಮೊಳಕೈಗೆ ಏಟು ಬಿತ್ತೆನ್ನಿ. ಹುಡುಗ ಗಿಡದಿಂದ ಬೀಳುತ್ತಾನೆ, ಗರಡಿಯಾಳು ಕಣದಲ್ಲಿ ಕೈ ಊರಿ ಬೀಳುತ್ತಾನೆ. ಕೈ ಊದಿಕೊಳ್ಳುತ್ತದೆ. ಎಣ್ಣೆ ಹಚ್ಚಿ ತಿಕ್ಕಿ, ಜಗ್ಗಿ ಸರಿಮಾಡುವವರ ಬಳಿಗೆ ಓಡುವ ರೂಢಿ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಪೆಟ್ಟು ತಿಂದ ಮೊಳಕೈಯನ್ನು ಬಲವಾಗಿ ನೀವಿ ಜಗ್ಗಿದರೆ, ಗಾಯಗೊಂಡ ಸ್ನಾಯುವಿನೊಳಗೆ ಎಲುಬು ಬೆಳೆಯತೊಡಗುವುದುಂಟು. ಕೀಲಿನ ಸುತ್ತಲಿನ ಚೀಲ ಸುಕ್ಕುಗಟ್ಟಿ ದಪ್ಪವಾಗುತ್ತದೆ. ಕೆಲವು ತಿಂಗಳಲ್ಲಿ ಮೊಳಕೈ ಅರ್ಧಕ್ಕೆ ನಿಂತುಬಿಡುತ್ತದೆ. ಪೂರ್ತಿ ಮಡಚಲೂ ಬಾರದು, ಪೂರ್ತಿ ಚಾಚಲೂ ಬಾರದು. ಇಂಥ ಕೈಯನ್ನು ಬಿಡಿಸಲು ಇಂದು ಇರುವ ಉಪಾಯಗಳಲ್ಲಿ ಒಂದು ಕೀಲುದರ್ಶಕದ ಶಸ್ತ್ರಕ್ರಿಯೆ, ನಮ್ಮ ಕಡೆಯ ಜನ ದುರ್ಬೀನಿನ ಆಪರೇಶನ್ ಎಂದು ಕರೆಯುವಂಥದು.

ಇದರ ರೀತಿ ಹೀಗಿದೆ. ಚರ್ಮದ ಮೇಲೆ ಅರ್ಧ ಸೆಂಟಿಮೀಟರಿನ ಆಸುಪಾಸಿನ ಎರಡು, ಮೂರು ಅಥವಾ ನಾಲ್ಕು ಕಿಂಡಿಗಳು. ಒಂದು ಕಿಂಡಿಯಿಂದ ಸುಮಾರು 4 ಮಿಲಿಮೀಟರ್ ದಪ್ಪದ ದರ್ಶಕನಳಿಕೆ ಒಳಹೋಗುತ್ತದೆ. ಅದರ ತುದಿಯ ಬೆಳಕಿನಲ್ಲಿ ಕೀಲಿನ ಒಳಭಾಗ ಪರದೆಯ ಮೇಲೆ ದೊಡ್ಡದಾಗಿ ಕಾಣಿಸುತ್ತದೆ. ಇನ್ನೊಂದು ಕಿಂಡಿಯಿಂದ ಚಿಮಟವೋ, ಹೆರೆಯುವ ಯಂತ್ರವೋ ಬಂದು ಕೆಲಸ ಮಾಡುತ್ತದೆ. ಬೇರ್ಪಟ್ಟು ತೇಲುವ ಎಲುಬಿನ ಚೂರುಗಳನ್ನು ತೆಗೆಯುವುದು, ಬಿಗಿದ ಚೀಲವನ್ನು ಬಿಡಿಸುವುದು, ಅಡ್ಡ ಬಂದ ಎಲುಬಿನ ಮೊನೆಗಳನ್ನು ಸವರುವುದು ಎಲ್ಲ ಹೀಗೆ ನಡೆಯುತ್ತವೆ. ದೊಡ್ಡ ಗಾಯವಿಲ್ಲ, ನೋವು ಕಡಿಮೆ, ಕೈ ಬೇಗ ಆಡತೊಡಗುತ್ತದೆ. ಇಷ್ಟು ಅನುಕೂಲವಿರುವ ವಿದ್ಯೆಯಲ್ಲಿ ಅಂಜಿಕೆಯ ಮಾತೆಲ್ಲಿ ಬಂತು ಎಂದು ನೀವು ಕೇಳಬಹುದು. ದರ್ಶಕ ತೋರಿಸುವುದು ಕೀಲಿನ ಒಳಗನ್ನು. ನರಗಳಿರುವುದು ಕೀಲಿನ ಹೊರಗೆ. ಮನೆಯೊಳಗಿನಿಂದ ಗೋಡೆಯನ್ನು ಕೆತ್ತುವವನಿಗೆ ಗೋಡೆಯ ಆಚೆ ಒರಗಿ ಕುಳಿತವನು ಹೇಗೆ ಕಾಣಿಸಬೇಕು? ತೊಡಕಿರುವುದು ಇಲ್ಲಿ.

ಈ ತೊಡಕನ್ನು ಹಿಂದಿನವರೂ ಅರಿತಿದ್ದರು. 1918ರಲ್ಲಿ ಟೋಕಿಯೋದ ತಕಾಗಿ ಎಂಬ ವೈದ್ಯರು ಮೂತ್ರಕೋಶವನ್ನು ನೋಡಲು ಮಾಡಿದ್ದ ದರ್ಶಕವನ್ನು ಶವದ ಮೊಳಕಾಲಿನೊಳಗೆ ಇಳಿಸಿ ನೋಡಿದರು. 1931ರಲ್ಲಿ ಅಮೆರಿಕದ ಮೈಕೆಲ್ ಬರ್ಮನ್ ಶವಗಳ ಹಲವು ಕೀಲುಗಳನ್ನು ಹೀಗೆಯೇ ಪರೀಕ್ಷಿಸಿ, ಮೊಳಕೈ ಮಾತ್ರ ಈ ಕ್ರಮಕ್ಕೆ ತಕ್ಕುದಲ್ಲ ಎಂಬ ಅಭಿಪ್ರಾಯಕ್ಕೆ ಬಂದರು. ಒಳಗಿನ ಜಾಗ ತೀರ ಇಕ್ಕಟ್ಟು, ನಳಿಕೆ ದಪ್ಪ. ಮುಂದೆ ಸಲಕರಣೆಗಳು ಸಣ್ಣವಾದವು, ಮೊಳಕಾಲಿನಲ್ಲಿ ಈ ವಿದ್ಯೆ ಬೇರೂರಿತು. ಆದರೂ ಮೊಳಕೈಗೆ ಹೋಗಲು ಶಸ್ತ್ರವೈದ್ಯರು ಹಿಂಜರಿದರು. 1985ರಲ್ಲಿ ಆಂಡ್ರ್ಯೂಸ್ ಮತ್ತು ಕಾರ್ಸನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಮೊಳಕೈಯನ್ನು ಪ್ರವೇಶಿಸುವ ಕ್ರಮವನ್ನು ವಿವರವಾಗಿ ಪ್ರಕಟಿಸಿದ ಮೇಲೆಯೇ ಅದು ಹೆಚ್ಚಾಗಿ ಬಳಕೆಗೆ ಬಂದಿತು. ಇಂದಿಗೂ ಮೊಳಕಾಲು, ಭುಜಗಳ ದರ್ಶಕಚಿಕಿತ್ಸೆ ಮಾಡುವವರು ಅನೇಕರು. ಮೊಳಕೈಯಲ್ಲಿ ಕೈ ಪಳಗಿದವರು ಅವರಲ್ಲಿ ಕೆಲವರೇ.

ಈಗ ನಿಮ್ಮ ತೋಳನ್ನೇ ಪುಸ್ತಕವಾಗಿ ತೆರೆದುಕೊಳ್ಳಿ. ಅಂಗೈ ಮೇಲಾಗಿ ಕೈ ಚಾಚಿ. ಮೊಳಕೈಯ ಒಳಮಗ್ಗುಲಲ್ಲಿ, ಮೈಗೆ ಹತ್ತುವ ಕಡೆ, ಎಲುಬಿನ ಗುಬುಟೊಂದು ಕೈಗೆ ಸಿಗುತ್ತದೆ. ಅದರ ಹಿಂಬದಿಯ ತೋಡಿನಲ್ಲಿ ಹರಿಯುವುದು ಅಲ್ನಾರ್ ನರ. ನಮಗೆ ಮಿಂಚು ತೋರಿಸುವುದು ಇದೇ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಸ್ಪರ್ಶಜ್ಞಾನ ಕೊಡುವುದು, ಬೆರಳುಗಳನ್ನು ಅಗಲಿಸಿ ಕೂಡಿಸುವುದು ಇದರ ಕೆಲಸ. ಇದು ಸೋತರೆ ಉಂಗುರಬೆರಳು, ಕಿರುಬೆರಳು ಹದ್ದಿನ ಉಗುರಿನಂತೆ ಮಡಚಿಕೊಳ್ಳುತ್ತವೆ. ಕುಷ್ಠರೋಗ ಹೆಚ್ಚಾಗಿದ್ದ ಕಾಲದಲ್ಲಿ ನಮ್ಮ ಹಿರಿಯರು ಇಂಥ ಕೈಗಳನ್ನು ಬೇಕಾದಷ್ಟು ಕಂಡಿದ್ದರು. ಆ ರೋಗ ನರವನ್ನು ಹಿಡಿಯುವ ಮುಖ್ಯ ತಾಣಗಳಲ್ಲಿ ಈ ತೋಡೂ ಒಂದು.

ಎರಡನೆಯದು ಮೀಡಿಯನ್ ನರ. ರಕ್ತದ ಒತ್ತಡ ಅಳೆಯುವಾಗ ವೈದ್ಯರು ಮೊಳಕೈಯ ಮುಂಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟು ಆಲಿಸುತ್ತಾರಲ್ಲ, ಅಲ್ಲಿ ಮಿಡಿಯುವ ರಕ್ತನಾಳದ ಒತ್ತಿನಲ್ಲೇ ಇದರ ಹಾದಿ. ಹೆಬ್ಬೆರಳು, ತೋರುಬೆರಳುಗಳ ಹಿಡಿತ ಇದರ ವಶ. ಸೂಜಿಗೆ ದಾರ ಪೋಣಿಸುವವರೂ ಲೇಖನಿ ಹಿಡಿದವರೂ ಇದಕ್ಕೆ ಋಣಿಗಳು. ಇದಕ್ಕೂ ಕೀಲಿಗೂ ನಡುವೆ ದಪ್ಪನಾದ ಒಂದು ಸ್ನಾಯು ಹಾಸಿಗೆಯಂತೆ ಹಾಸಿರುವುದು ಒಂದು ಭಾಗ್ಯ.

ಮೂರನೆಯದು ರೇಡಿಯಲ್ ನರ. ಇದು ಹೊರಮಗ್ಗುಲಲ್ಲಿ, ಕೀಲಿನ ಮುಂದುಗಡೆ ಹಾದು ಎರಡಾಗಿ ಕವಲೊಡೆಯುತ್ತದೆ. ಬಾಗಿದ ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತುವುದು ಇದರ ಪಾಲಿನ ಕೆಲಸ. ಇದು ಸೋತರೆ ಕೈ ಬಾಡಿದ ಎಲೆಯಂತೆ ಜೋತುಬೀಳುತ್ತದೆ. ಮೀಡಿಯನ್ ನರಕ್ಕಿರುವ ಸ್ನಾಯುವಿನ ಹಾಸಿಗೆ ಇದಕ್ಕಿಲ್ಲ. ಕೀಲಿನ ಚೀಲದಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಇದರ ದಾರಿ. ಅಲ್ನಾರ್ ನರವಂತೂ ಹಿಂಭಾಗದಲ್ಲಿ ಚೀಲಕ್ಕೇ ಅಂಟಿಕೊಂಡಂತಿದೆ. ಹೂವಾಡಗಿತ್ತಿ ಮೊಳದಲ್ಲಿ ಅಳೆದ ಜಾಗದಲ್ಲಿ ಶಸ್ತ್ರವೈದ್ಯ ಮಿಲಿಮೀಟರಿನಲ್ಲಿ ಅಳೆಯಬೇಕಾಗಿದೆ.

ಈ ಎಚ್ಚರ ಪಶ್ಚಿಮದಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ಸುಶ್ರುತ ಸಂಹಿತೆಯು ಶರೀರದಲ್ಲಿ 107 ಮರ್ಮಸ್ಥಾನಗಳನ್ನು ಎಣಿಸಿ, ಅವನ್ನು ಐದು ವರ್ಗಗಳಾಗಿ ವಿಂಗಡಿಸುತ್ತದೆ. ತೋಳು ಮುಂಗೈಗಳು ಕೂಡುವ ಸಂಧಿಯಲ್ಲಿರುವ ಮರ್ಮಕ್ಕೆ ಕೂರ್ಪರವೆಂದು ಹೆಸರು. ಪ್ರಾಣ ಕಳೆಯುವ ಮರ್ಮಗಳ ಸಾಲಿಗೆ ಅದು ಸೇರಿಲ್ಲ. ವೈಕಲ್ಯಕರವೆಂಬ ಸಾಲಿಗೆ ಸೇರಿದೆ. ಅಲ್ಲಿ ಪೆಟ್ಟಾದರೆ ಮನುಷ್ಯ ಬದುಕುತ್ತಾನೆ, ಆದರೆ ಕೈ ಊನವಾಗುತ್ತದೆ. ಮರ್ಮಜ್ಞಾನವೇ ಶಸ್ತ್ರವಿದ್ಯೆಯ ಅರ್ಧಪಾಲು ಎಂಬುದು ಆ ಗ್ರಂಥದ ನಿಲುವು. ಮೊಳಕೈಯ ಮಟ್ಟಿಗೆ ಅರ್ಧಕ್ಕಿಂತಲೂ ಹೆಚ್ಚೆಂದರೆ ತಪ್ಪಾಗದು.

ಹಾಗಾದರೆ ಕಾಣದ ನರವನ್ನು ಕಾಯುವುದು ಹೇಗೆ? ಕಾವಲು ಶಸ್ತ್ರ ಹಿಡಿಯುವ ಮೊದಲೇ ಪ್ರಾರಂಭವಾಗುತ್ತದೆ. ವೈದ್ಯರು ಮುಂಚಿತವಾಗಿ ಕೈಯ ಸ್ಪರ್ಶವನ್ನೂ ಬಲವನ್ನೂ ಪರೀಕ್ಷಿಸಿ ಬರೆದಿಡುತ್ತಾರೆ. ಮೊಳಕೈಯನ್ನು ಮಡಚಿ ಬಿಚ್ಚಿ, ಅಲ್ನಾರ್ ನರ ತನ್ನ ತೋಡಿನಲ್ಲೇ ನಿಲ್ಲುತ್ತದೆಯೋ ಗುಬುಟಿನ ಮೇಲೆ ಜಾರಿ ಮುಂದೆ ಬರುತ್ತದೆಯೋ ಎಂದು ಬೆರಳಿಟ್ಟು ನೋಡುತ್ತಾರೆ. 1956ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ನೂರಕ್ಕೆ ಸುಮಾರು 16 ಮಂದಿಯಲ್ಲಿ ಅದು ಹೀಗೆ ಜಾರುವುದು ಕಂಡುಬಂದಿತ್ತು. ಜಾರುವ ನರ ಕಿಂಡಿಯ ದಾರಿಗೇ ಅಡ್ಡ ಬಂದೀತು. ಹಿಂದೆ ಯಾವಾಗಲಾದರೂ ಶಸ್ತ್ರಕ್ರಿಯೆಯಲ್ಲಿ ಆ ನರವನ್ನು ಸ್ಥಳಾಂತರಿಸಿದ್ದರೆ ಅಪಾಯ ಇನ್ನೂ ಹೆಚ್ಚು. ಆಗ ಒಳಮಗ್ಗುಲಲ್ಲಿ ಕಿಂಡಿ ಕೊರೆಯುವ ಮುನ್ನ ಚರ್ಮವನ್ನು ಬಿಡಿಸಿ ನರವನ್ನು ಕಣ್ಣಾರೆ ಕಾಣಬೇಕು.

ಆಮೇಲೆ ಚರ್ಮದ ಮೇಲೆ ಶಾಯಿಯಿಂದ ಗುರುತು. ಎಲುಬಿನ ಗುಬುಟುಗಳು, ಮೊಳಕೈಯ ಮೊನೆ, ಅಲ್ನಾರ್ ನರದ ಹಾದಿ ಎಲ್ಲವನ್ನೂ ಕೈ ಊದುವ ಮುನ್ನವೇ ಬರೆಯಬೇಕು; ಒಮ್ಮೆ ನೀರು ತುಂಬಿ ಊದಿಕೊಂಡ ಮೇಲೆ ಯಾವ ಗುಬುಟೂ ಕೈಗೆ ಸರಿಯಾಗಿ ಸಿಗದು. ಬಳಿಕ ಸೂಜಿಯಿಂದ ಕೀಲಿನೊಳಕ್ಕೆ ಸಲೈನ್ ತುಂಬುತ್ತಾರೆ. ಆರೋಗ್ಯವಾಗಿರುವ ಮೊಳಕೈ ಸುಮಾರು 15ರಿಂದ 25 ಮಿಲಿಲೀಟರ್ ನೀರನ್ನು ಹಿಡಿಯುತ್ತದೆ. ಚೀಲ ಉಬ್ಬಿದಾಗ ಅದರ ಮುಂದಿರುವ ನರಗಳು ಎಲುಬಿನಿಂದ ದೂರ ಸರಿಯುತ್ತವೆ. ಮೊಳಕೈಯನ್ನು 90 ಅಂಶದಷ್ಟು ಮಡಚಿದಾಗ ಮುಂದಿನ ಅಂಗಾಂಶಗಳು ಸಡಿಲಗೊಂಡು ಈ ದೂರ ಇನ್ನಷ್ಟು ಹೆಚ್ಚುತ್ತದೆ. ಅದೇ ಕೈಯನ್ನು ಚಾಚಿ ಇಟ್ಟರೆ ಸಂಪಾದಿಸಿದ ಕೆಲವು ಮಿಲಿಮೀಟರುಗಳು ಕೈತಪ್ಪುತ್ತವೆ.

ಕಿಂಡಿ ತೆರೆಯುವುದರಲ್ಲೂ ಒಂದು ಸಂಯಮವಿದೆ. ಅಲಗು ಚರ್ಮವನ್ನು ಮಾತ್ರ ಸೀಳಬೇಕು, ಅದಕ್ಕಿಂತ ಆಳಕ್ಕೆ ಹೋಗಕೂಡದು. ಚರ್ಮದ ಕೆಳಗೆ ಸ್ಪರ್ಶದ ಸಣ್ಣ ನರಗಳು ಹರಡಿಕೊಂಡಿರುತ್ತವೆ. ಅಲ್ಲಿಂದ ಮುಂದೆ ಮೊಂಡು ತುದಿಯ ಚಿಮಟದಿಂದ ಪದರಗಳನ್ನು ಮೆಲ್ಲನೆ ಅಗಲಿಸುತ್ತ ಚೀಲದವರೆಗೆ ಹೋಗಬೇಕು. ಮೊಂಡಾದ ಸಲಾಕೆ ನರವನ್ನು ಪಕ್ಕಕ್ಕೆ ಸರಿಸೀತು, ಚೂಪಾದದ್ದು ಚುಚ್ಚಿಬಿಡುತ್ತದೆ. ಬಾಗಿಲು ಎಲ್ಲಿರಬೇಕೆಂಬುದನ್ನೂ ಅನುಭವ ತಿದ್ದಿದೆ. ಮೊದಲು ಹೊರಮಗ್ಗುಲಿನ ಕಿಂಡಿಯನ್ನು ಗುಬುಟಿನಿಂದ 3 ಸೆಂಟಿಮೀಟರ್ ಕೆಳಗೆ ಮಾಡುತ್ತಿದ್ದರು. ಅದು ರೇಡಿಯಲ್ ನರಕ್ಕೆ ತೀರ ಸಮೀಪವೆಂದು ಶವಗಳ ಮೇಲಿನ ಅಭ್ಯಾಸದಿಂದ ತಿಳಿದುಬಂದಿತು. ಈಗ ಅನೇಕರು ಗುಬುಟಿಗಿಂತ 2 ಸೆಂಟಿಮೀಟರ್ ಮೇಲೆ, 1 ಸೆಂಟಿಮೀಟರ್ ಮುಂದೆ ಮಾಡುತ್ತಾರೆ. ಒಳಮಗ್ಗುಲಲ್ಲಿಯೂ ಹಾಗೆಯೇ, ಗುಬುಟಿನಿಂದ ಸುಮಾರು 2 ಸೆಂಟಿಮೀಟರ್ ಮೇಲೆ. ಅಲ್ಲಿ ಮುಂದಿನ ಸ್ನಾಯುಗಳನ್ನೂ ಹಿಂದಿನ ಸ್ನಾಯುಗಳನ್ನೂ ಬೇರ್ಪಡಿಸುವ ಒಂದು ತಡಿಕೆಯಿದೆ. ನಳಿಕೆ ಆ ತಡಿಕೆಯ ಮುಂದೆ, ಎಲುಬನ್ನು ಸವರಿಕೊಂಡು ಹೋಗಬೇಕು; ಅಲ್ನಾರ್ ನರ ತಡಿಕೆಯ ಹಿಂದೆ ಉಳಿಯುತ್ತದೆ. ಒಂದು ತೆಳ್ಳನೆಯ ತಡಿಕೆ ಇಲ್ಲಿ ಕೋಟೆಯ ಗೋಡೆಯ ಕೆಲಸ ಮಾಡುತ್ತದೆ.

ಒಳಹೊಕ್ಕ ಮೇಲೆ ಹೆರೆಯುವ ಯಂತ್ರದ ಬಾಯಿ ಸದಾ ಕಣ್ಣೆದುರು ಇರಬೇಕು, ನರವಿರುವ ಕಡೆಗೆ ತಿರುಗಿರಕೂಡದು. ಈ ಯಂತ್ರಕ್ಕೆ ಹೀರುವ ಶಕ್ತಿ ಉಂಟು. ಚೀಲದ ಹತ್ತಿರ ಅದನ್ನು ಹೀರಲು ಬಿಟ್ಟರೆ ಚೀಲವನ್ನೂ ಅದರ ಆಚೆಯ ನರವನ್ನೂ ತನ್ನ ಬಾಯಿಗೆ ಎಳೆದುಕೊಂಡೀತು. ಆದ್ದರಿಂದ ಅಲ್ಲಿ ಹೀರಿಕೆಯನ್ನು ನಿಲ್ಲಿಸಿ ಕೆಲಸ ಮಾಡುತ್ತಾರೆ. ಬೇರೊಂದು ಕಿಂಡಿಯಿಂದ ಮೊಂಡು ಸಲಾಕೆಯನ್ನು ಇಳಿಸಿ ಚೀಲವನ್ನು ಆಚೆಗೆ ತಳ್ಳಿ ಹಿಡಿಯುತ್ತಾರೆ. ನೀರಿನ ಒತ್ತಡವನ್ನೂ ಮಿತಿಯಲ್ಲಿಡುತ್ತಾರೆ. ಮಿತಿ ಮೀರಿದರೆ ನೀರು ಸುತ್ತಲಿನ ಅಂಗಾಂಶಕ್ಕೆ ಸೋರಿ, ಕೈ ಬಿರುಸಾಗಿ ಊದಿ, ಒಳಗಿನ ಜಾಗವೇ ಮುಚ್ಚಿಹೋಗುತ್ತದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಎಂಬ ಮಾತು ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇಲ್ಲಿ ಕೇಳುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೀರು ತುಂಬಿದಾಗ ನರ ದೂರ ಸರಿಯುವುದು ಎಲುಬಿನಿಂದ, ಚೀಲದಿಂದ ಅಲ್ಲ. ಚೀಲ ಉಬ್ಬಿದಂತೆ ನರವೂ ಅದರ ಬೆನ್ನ ಮೇಲೆ ಸವಾರಿ ಮಾಡುತ್ತ ಹೊರಗೆ ಸರಿಯುತ್ತದೆ. ಆದ್ದರಿಂದ ಒಳಗೆ ಹೋಗುವಾಗ ನೀರು ರಕ್ಷಣೆ ಕೊಡುತ್ತದೆ. ಚೀಲವನ್ನೇ ಕತ್ತರಿಸುವಾಗ ಆ ರಕ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬಿಗಿದ ಮೊಳಕೈಯಲ್ಲಿ ಮಾಡಬೇಕಾದದ್ದು ಚೀಲವನ್ನು ಕತ್ತರಿಸುವ ಕೆಲಸವೇ. ಅಷ್ಟೇ ಅಲ್ಲ, ಸುಕ್ಕುಗಟ್ಟಿದ ಚೀಲ ಐದಾರು ಮಿಲಿಲೀಟರಿಗೇ ತುಂಬಿಬಿಡಬಹುದು. ನರವನ್ನು ಎಲುಬಿನಿಂದಲೂ ದೂರ ಸರಿಸಲು ಅಲ್ಲಿ ನೀರಿಗೆ ಅವಕಾಶವೇ ಸಿಗದು. ತಿಕ್ಕಿಸಿಕೊಂಡು ಬಿಗಿದುಹೋದ ನಮ್ಮ ಹುಡುಗನ ಮೊಳಕೈಗೆ ಚಿಕಿತ್ಸೆ ಎಷ್ಟು ಅಗತ್ಯವೋ ಆ ಚಿಕಿತ್ಸೆಯಲ್ಲಿ ನರಕ್ಕೆ ಅಪಾಯವೂ ಅಷ್ಟೇ ಹೆಚ್ಚು. ಅನುಭವಿಗಳು ಇಂಥಲ್ಲಿ ತಮ್ಮ ಕೈಯ ಬಲವನ್ನೂ ಮಿತಿಯನ್ನೂ ತೂಗಿ ನೋಡುತ್ತಾರೆ. ಎಲುಬು ಬೆಳೆದು ನರವನ್ನು ಸುತ್ತುವರಿದಿದ್ದರೆ ಕಿಂಡಿಯ ದಾರಿಯನ್ನು ಬಿಟ್ಟು, ಚರ್ಮವನ್ನು ಅಗಲವಾಗಿ ತೆರೆದು, ನರವನ್ನು ಮೊದಲು ಬಿಡಿಸಿ ಪಕ್ಕಕ್ಕಿಟ್ಟು ಮುಂದುವರಿಯುತ್ತಾರೆ. ಕಿಂಡಿಯಿಂದ ಆರಂಭಿಸಿ, ಒಳಗೆ ದಿಕ್ಕು ತಪ್ಪಿದಂತೆನಿಸಿದಾಗ ನಿಲ್ಲಿಸಿ ತೆರೆದ ಶಸ್ತ್ರಕ್ರಿಯೆಗೆ ತಿರುಗುವುದೂ ಉಂಟು. ಅದು ಸೋಲೆಂದು ರೋಗಿ ತಿಳಿಯಬಾರದು, ವೈದ್ಯನೂ ತಿಳಿಯಬಾರದು. ಚರ್ಮದ ಮೇಲಿನ ನಾಲ್ಕಂಗುಲ ಗೆರೆ ವರ್ಷದಲ್ಲಿ ಮಾಸುತ್ತದೆ, ಕಡಿದ ನರ ಹಾಗೆ ಮಾಸುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದಾಗ ಫಲವೇನು? ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 2001ರಲ್ಲಿ ತಮ್ಮ 473 ಮೊಳಕೈ ದರ್ಶಕಚಿಕಿತ್ಸೆಗಳ ಲೆಕ್ಕವನ್ನು ಪ್ರಕಟಿಸಿದರು. ಅವುಗಳಲ್ಲಿ ನರ ಸೋತ ಪ್ರಸಂಗಗಳು 12. ಎಲ್ಲವೂ ತಾತ್ಕಾಲಿಕ, ಶಾಶ್ವತವಾದದ್ದು ಒಂದೂ ಇಲ್ಲ. ಅದು ತುಂಬ ಪಳಗಿದ ಕೈಗಳ ಲೆಕ್ಕವೆಂಬುದನ್ನು ಮರೆಯಬಾರದು. ನರವೇ ತುಂಡಾದ ಪ್ರಸಂಗಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಈ ಮಾತನ್ನು ಯಾರನ್ನೂ ಹೆದರಿಸಲು ಹೇಳುತ್ತಿಲ್ಲ. ತಾತ್ಕಾಲಿಕವಾದದ್ದಕ್ಕೂ ಶಾಶ್ವತವಾದದ್ದಕ್ಕೂ ಇರುವ ಅಂತರ ಎಷ್ಟೆಂಬುದು ಮನಸ್ಸಿಗೆ ಬರಲೆಂದು ಹೇಳಿದ್ದೇನೆ.

1943ರಲ್ಲಿ ಇಂಗ್ಲೆಂಡಿನ ಸೆಡನ್ ಎಂಬ ಶಸ್ತ್ರವೈದ್ಯರು ನರದ ಗಾಯಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಒತ್ತಡದಿಂದಲೋ ಎಳೆತದಿಂದಲೋ ನರ ಬರಿದೆ ಮೂರ್ಛೆ ಹೋಗಿದ್ದರೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತಾನಾಗಿ ಎಚ್ಚರಗೊಳ್ಳುತ್ತದೆ. ಹೊರಗಿನ ಕವಚ ಉಳಿದು ಒಳಗಿನ ತಂತುಗಳು ಕಡಿದಿದ್ದರೆ ಅವು ಮತ್ತೆ ಬೆಳೆದು ಬರಬೇಕು. ನರವೇ ಪೂರ್ತಿ ತುಂಡಾಗಿದ್ದರೆ ಅದನ್ನು ಹೊಲಿದು ಕೂಡಿಸಿದ ಮೇಲಷ್ಟೇ ಬೆಳವಣಿಗೆಯ ಮಾತು. ನರತಂತು ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಳಕೈಯಿಂದ ಬೆರಳ ತುದಿಗೆ ಒಂದು ಮೊಳ, ಎಂದರೆ ಸುಮಾರು 450 ಮಿಲಿಮೀಟರ್. ಹೂವಾಡಗಿತ್ತಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಳೆದುಕೊಡುವ ಮೊಳವನ್ನು ನಡೆದು ಮುಗಿಸಲು ನರಕ್ಕೆ 450 ದಿನಗಳು ಬೇಕು, ವರ್ಷ ಕಳೆದು ಮತ್ತೆ ಮೂರು ತಿಂಗಳು. ಅಲ್ಲಿಯವರೆಗೆ ಕೈಯ ಸಣ್ಣ ಸ್ನಾಯುಗಳು ಅಪ್ಪಣೆಯಿಲ್ಲದೆ ಕಾಯಬೇಕು. ಒಂದು, ಒಂದೂವರೆ ವರ್ಷ ಹೀಗೆ ಕಾದ ಸ್ನಾಯು, ಆಮೇಲೆ ನರ ಬಂದು ಬಾಗಿಲು ತಟ್ಟಿದರೂ ಏಳುವುದು ಕಷ್ಟ. ಮೊಳಕೈಯಲ್ಲಿ ತುಂಡಾದ ಅಲ್ನಾರ್ ನರ ಎಷ್ಟು ಚೆನ್ನಾಗಿ ಹೊಲಿದರೂ ಹಿಂದಿನ ಕಸುವನ್ನು ಪೂರ್ತಿ ಮರಳಿಸದಿರುವುದು ಇದೇ ಕಾರಣದಿಂದ.

ಆದ್ದರಿಂದ ರೋಗಿ ಎಚ್ಚರಗೊಂಡ ಗಳಿಗೆ ಮುಖ್ಯವಾದದ್ದು. ಮೂರು ನರಗಳಿಗೆ ಮೂರು ಸುಲಭ ಪರೀಕ್ಷೆಗಳಿವೆ. ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸು. ಅದು ರೇಡಿಯಲ್ ನರದ ಸಾಕ್ಷಿ. ಹೆಬ್ಬೆರಳು, ತೋರುಬೆರಳುಗಳ ತುದಿ ಕೂಡಿಸಿ ಬಳೆಯಂತೆ ದುಂಡಗೆ ಮಾಡು. ಅದು ಮೀಡಿಯನ್ ನರದ ಸಾಕ್ಷಿ. ಬೆರಳುಗಳನ್ನೆಲ್ಲ ಅಗಲಿಸು, ಅದು ಅಲ್ನಾರ್ ನರದ ಸಾಕ್ಷಿ. ಇಡೀ ತೋಳನ್ನು ಮರಗಟ್ಟಿಸುವ ಚುಚ್ಚುಮದ್ದನ್ನು ಮುಂಚೆಯೇ ಕೊಟ್ಟಿದ್ದರೆ ಈ ಸಾಕ್ಷಿಗಳೆಲ್ಲ ಕೆಲವು ಗಂಟೆಗಳ ಕಾಲ ಮೂಕವಾಗುತ್ತವೆ. ಅದಕ್ಕಾಗಿಯೇ ಅನೇಕ ಶಸ್ತ್ರವೈದ್ಯರು ಮೊದಲು ಪರೀಕ್ಷೆ, ಆಮೇಲೆ ನೋವಿನ ಚುಚ್ಚುಮದ್ದು ಎಂಬ ಕ್ರಮವನ್ನು ಅನುಸರಿಸುತ್ತಾರೆ. ರೋಗಿ ಒಂದೆರಡು ಗಂಟೆ ಹೆಚ್ಚು ನೋವುಣ್ಣಬಹುದು. ಆದರೆ ನರಕ್ಕೆ ತೊಂದರೆಯಾಗಿದ್ದರೆ ಅದು ಅಂದೇ ಗೊತ್ತಾಗುತ್ತದೆ.

ಈ ವಿದ್ಯೆ ಈಗ ನಮ್ಮ ಸೀಮೆಗೆ ಎಟುಕದ ದೂರದಲ್ಲಿಲ್ಲ. ಹುಬ್ಬಳ್ಳಿಯ ವೈದ್ಯಕೀಯ ಮಹಾವಿದ್ಯಾಲಯ 1957ರಲ್ಲಿ, ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ 1963ರಲ್ಲಿ ತೆರೆದವು. ಎಲುಬು ಕೀಲುಗಳ ತಜ್ಞರಿಗಾಗಿ ಮುಂಬಯಿಗೇ ಹೋಗಬೇಕೆಂಬ ಕಾಲ ಕಳೆದು ಬಹಳ ದಿನಗಳಾದವು. ಆದರೆ ಶಸ್ತ್ರಾಗಾರದ ಎಚ್ಚರ ಊರಿನ ಎಚ್ಚರದಿಂದಲೇ ಮೊದಲಾಗಬೇಕು. ಏಟು ಬಿದ್ದ ಮೊಳಕೈಯನ್ನು ತಿಕ್ಕಿಸಬೇಡಿ, ಜಗ್ಗಿಸಬೇಡಿ. ಅಲುಗದಂತೆ ಆಸರೆ ಕಟ್ಟಿ ಕ್ಷಕಿರಣದ ಸೌಲಭ್ಯವಿರುವಲ್ಲಿಗೆ ಒಯ್ಯಿರಿ. ಬಿಗಿಯದ ಮೊಳಕೈಗೆ ಬಿಡಿಸುವ ಶಸ್ತ್ರ ಬೇಕಾಗುವುದಿಲ್ಲ.

ಶಸ್ತ್ರಕ್ರಿಯೆ ಬೇಕೇಬೇಕೆಂದಾದಾಗ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಸಂಕೋಚಪಡದೆ ಕೇಳಿರಿ. ಡಾಕ್ಟರರೇ, ನೀವು ಮೊಳಕೈಯಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೀರಿ? ನನ್ನ ನರ ಎಲ್ಲಿದೆಯೆಂದು ನೋಡಿದ್ದೀರಾ? ಒಳಗೆ ತೊಡಕು ಕಂಡರೆ ತೆರೆದು ಮಾಡುವ ಸಿದ್ಧತೆ ಇದೆಯೇ? ಈ ಮೂರು ಪ್ರಶ್ನೆಗಳಿಂದ ಒಳ್ಳೆಯ ವೈದ್ಯರಿಗೆ ಬೇಸರವಾಗದು. ಅವರು ಈ ಪ್ರಶ್ನೆಗಳನ್ನು ನಿಮಗಿಂತ ಮೊದಲೇ ತಮಗೆ ತಾವೇ ಕೇಳಿಕೊಂಡಿರುತ್ತಾರೆ. ಗಾಯ ಎಷ್ಟು ಚಿಕ್ಕದು ಎಂಬುದನ್ನು ಆಮೇಲೆ ವಿಚಾರಿಸಿದರಾಯಿತು.